ಪತ್ತನಾಜೆಯೊಳಗೆ ಹಂಚಿನ ಮಾಡಿನ ದುರಸ್ತಿ, ಜೂನ್‌ನಿಂದ ಇಬ್ಬರು ಸಂಶೋಧಕಿಯರಿಗೆ ವೇತನ: ಕಂಪನಿ ಆಡಳಿತ ಸಂಶೋಧನಾ ಕೇಂದ್ರಕ್ಕಾಗಿ ಮನವಿ

ಮಾನ್ಯ ಬಂಧುಗಳೇ,

ಸಾದರ ವಂದನೆಗಳು.

ಏಪ್ರಿಲ್ ಕೊನೆಯ ಗಾಳಿಮಳೆಗೆ ನಮ್ಮ ಕೇಂದ್ರದ ವಾಚನಾಲಯದ ಪಡುಬದಿಯ ಮಾಡು ಸೋರಿ, ಕಪಾಟುಗಳ ಮೇಲಿನ ಎರಡು ಸಾಲು ಪೂರ್ತಿ ಒದ್ದೆಯಾಯಿತು. ಆ ಸಾಲುಗಳಲ್ಲಿದ್ದದ್ದು ಗಡಿನಾಡಿನ ಸೊಸೈಟಿಗಳ ಹಳೆಯ ನಡಾವಳಿ ಪುಸ್ತಕಗಳು, ಬೈಲಾಗಳು, ಕಂಪನಿಗಳ ವಾರ್ಷಿಕ ವರದಿಗಳು. ಈಗ ಪ್ಲಾಸ್ಟಿಕ್ ಟರ್ಪಾಲು ಹೊದೆಸಿದ್ದೇವೆ. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆ ಕಳೆದರೆ ಹಂಚಿನ ಕೆಲಸಕ್ಕೆ ಜನ ಸಿಗುವುದು ಕಷ್ಟ, ಸಿಕ್ಕಿದರೂ ಮಳೆ ಬಿಡುವು ಕೊಡುವುದಿಲ್ಲ. ಕಾಸರಗೋಡಿನ ಮಳೆಗಾಲಕ್ಕೆ ಟರ್ಪಾಲು ತಡೆಯುವುದಿಲ್ಲವೆಂದು ನಿಮಗೆ ಹೇಳಬೇಕಾಗಿಲ್ಲ.

ಕೇಂದ್ರದ ಇತಿಹಾಸ ನಿಮಗೆ ಗೊತ್ತಿದೆ. ಪದವಿ, ಮಾರ್ಗದರ್ಶನ, ಪರೀಕ್ಷೆ ವಿಶ್ವವಿದ್ಯಾಲಯದ್ದು. ಕಟ್ಟಡ, ಗ್ರಂಥಾಲಯ, ಸಂಶೋಧಕರ ವೇತನ ನಮ್ಮ ಟ್ರಸ್ಟಿನದ್ದು. ಆದರೆ ಕೇಂದ್ರವನ್ನು ನಡೆಸುತ್ತಿರುವವರು ಯಾರು, ಅವರ ದಿನದ ಕೆಲಸವೇನು ಎಂಬುದನ್ನು ಈ ಸಲ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇವೆ. ನಿಮ್ಮ ದುಡ್ಡು ಹೋಗುವುದು ಹಂಚಿಗಿಂತ ಹೆಚ್ಚಾಗಿ ಆ ಜನರ ಕೆಲಸಕ್ಕೆ.

ಇಬ್ಬರು ಪಿಎಚ್‌ಡಿ ವಿದ್ಯಾರ್ಥಿನಿಯರು, ಒಬ್ಬ ಗ್ರಂಥಪಾಲಕ, ವಾರಕ್ಕೆ ಎರಡು ದಿನ ಬರುವ ನಿವೃತ್ತ ಸಹಕಾರಿ ಲೆಕ್ಕಪರಿಶೋಧಕರು, ಶನಿವಾರ ಮಂಗಳೂರಿನಿಂದ ಬಂದು ಸಂಭಾವನೆ ಪಡೆಯದೆ ಪಾಠ ಮಾಡುವ ಒಬ್ಬ ಕಂಪನಿ ಸೆಕ್ರೆಟರಿ. ಇಷ್ಟೇ ಜನ. ವಿದ್ಯಾರ್ಥಿನಿಯರಿಬ್ಬರೂ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು, ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರು. ಒಬ್ಬರ ತಾಯಿ ಬೀಡಿ ಕಟ್ಟುತ್ತಾರೆ, ಇನ್ನೊಬ್ಬರ ತಂದೆ ಅಡಿಕೆ ಕೊಯ್ಲಿನ ಕೆಲಸದವರು. ಅವರಿಗೆ ಬರುತ್ತಿದ್ದ ಶಿಷ್ಯವೇತನದ ಅವಧಿ ಮಾರ್ಚಿಗೆ ಮುಗಿಯಿತು. ಒಬ್ಬರು ಸಂಜೆ ಟ್ಯೂಷನ್ ಹಿಡಿದಿದ್ದಾರೆ. ಇನ್ನೊಬ್ಬರಿಗೆ ಚಿನ್ನದಂಗಡಿಯೊಂದರ ಲೆಕ್ಕದ ಕೆಲಸಕ್ಕೆ ಕರೆ ಬಂದಿದೆ. ಅವರು ಹೋದರೆ ಅರ್ಧಕ್ಕೆ ನಿಲ್ಲುವುದು ರೈತ ಉತ್ಪಾದಕರ ಕಂಪನಿಗಳ ಅಧ್ಯಯನ.

ಈ ಅಧ್ಯಯನದ ಬಗ್ಗೆ ಒಂದಿಷ್ಟು ಹೇಳಲೇಬೇಕು. ಗಡಿಯ ಎರಡೂ ಬದಿ ಅಡಿಕೆ, ತೆಂಗು, ಗೇರು, ಕಾಳುಮೆಣಸು ಬೆಳೆಯುವವರು ಸೇರಿ ಕಂಪನಿ ಕಟ್ಟುತ್ತಿದ್ದಾರೆ. ಹತ್ತು ಬೆಳೆಗಾರರಿದ್ದರೆ ನೋಂದಣಿ ಮಾಡಿಸಬಹುದು. ನೋಂದಣಿ ಸುಲಭ, ಕಷ್ಟ ಶುರುವಾಗುವುದು ಆಮೇಲೆ. ಐದಕ್ಕೆ ಕಡಿಮೆಯಿಲ್ಲದ, ಹದಿನೈದಕ್ಕೆ ಮೀರದ ನಿರ್ದೇಶಕರಿರಬೇಕು. ಮೂರು ತಿಂಗಳಿಗೊಮ್ಮೆಯಾದರೂ ಆಡಳಿತ ಮಂಡಳಿ ಸೇರಬೇಕು. ನೋಂದಣಿಯಾದ 90 ದಿನಗಳೊಳಗೆ ಮೊದಲ ಮಹಾಸಭೆ ನಡೆಯಬೇಕು. ಮಹಾಸಭೆಗೆ 14 ದಿನ ಮುಂಚೆ ನೋಟೀಸು ತಲುಪಬೇಕು, ಅದರ ಜೊತೆ ಕಾರ್ಯಸೂಚಿ, ಹಿಂದಿನ ಸಭೆಯ ನಡಾವಳಿ, ಪರಿಶೋಧನೆಯಾದ ಲೆಕ್ಕಪತ್ರ ಇರಬೇಕು. ಸದಸ್ಯರಲ್ಲಿ ನಾಲ್ಕನೇ ಒಂದು ಪಾಲು ಹಾಜರಿದ್ದರೆ ಮಾತ್ರ ಕೋರಂ, ಅಂದರೆ ಸಭೆ ನಡೆಸಲು ಬೇಕಾದಷ್ಟು ಹಾಜರಿ.

ತಪ್ಪುವುದು ಈ ಕೋರಂನಲ್ಲೇ. 800 ಸದಸ್ಯರ ಕಂಪನಿಯಾದರೆ 200 ಜನ ಬರಬೇಕು. ಮಹಾಸಭೆ ಸಾಮಾನ್ಯವಾಗಿ ಆಗಸ್ಟ್-ಸೆಪ್ಟೆಂಬರಿಗೆ ಬೀಳುತ್ತದೆ. ಆಗ ನಮ್ಮ ರೈತರು ಮಳೆ ಬಿಡುವು ಕೊಟ್ಟ ಹೊತ್ತಿಗೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಗಡಿಬಿಡಿಯಲ್ಲಿರುತ್ತಾರೆ. ಅರುವತ್ತು ಜನ ಬಂದ ಸಭೆಯ ಹಾಜರಿ ಪುಸ್ತಕ ಮರುವಾರ ಮನೆಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬರುತ್ತದೆ. ಮುಂದೆ ಸದಸ್ಯರಲ್ಲಿ ಜಗಳವಾದಾಗ ಆ ಸಭೆಯ ಪ್ರತಿ ಠರಾವನ್ನೂ ಪ್ರಶ್ನಿಸಬಹುದು: ಅದರಲ್ಲಿ ತೆಗೆದ ಸಾಲ, ಅದರಲ್ಲಿ ಆರಿಸಿದ ನಿರ್ದೇಶಕರು, ಎಲ್ಲವನ್ನೂ. ಇದಕ್ಕೆ ನಮ್ಮವರು ಕಂಡುಕೊಂಡ ದಾರಿ ತೀರಾ ಸರಳ. ಪರಿಶೋಧಕರನ್ನು ಏಪ್ರಿಲ್‌ನಲ್ಲೇ ಕೂರಿಸಿ, ಮೇ ತಿಂಗಳೊಳಗೆ ಲೆಕ್ಕ ಮುಗಿಸಿ, ಮಳೆ ಬಲಿಯುವ ಮೊದಲೇ ಮಹಾಸಭೆ ಕರೆಯುವುದು. ನೋಟೀಸು ಕನ್ನಡದಲ್ಲೂ ಇರುವುದು.

ಸಭೆ ಮುಗಿದ ಮೇಲೂ ಕೆಲಸವಿದೆ. ಲೆಕ್ಕಪತ್ರದ ಎಓಸಿ-4 ನಮೂನೆ 30 ದಿನದೊಳಗೆ, ವಾರ್ಷಿಕ ವಿವರದ ಎಂಜಿಟಿ-7 ನಮೂನೆ 60 ದಿನದೊಳಗೆ ಸಲ್ಲಬೇಕು. ತಡವಾದರೆ ಒಂದೊಂದು ನಮೂನೆಗೂ ದಿನಕ್ಕೆ ₹100. ಮೂರು ವರ್ಷ ಒಂದೇ ಸಮನೆ ಬಿಟ್ಟರೆ ನಿರ್ದೇಶಕರೆಲ್ಲ ಐದು ವರ್ಷ ಯಾವ ಕಂಪನಿಯಲ್ಲೂ ಹೊಸದಾಗಿ ನಿರ್ದೇಶಕರಾಗುವಂತಿಲ್ಲ. ಊರಿನ ಉಪಕಾರಕ್ಕೆಂದು ಹೆಸರು ಕೊಟ್ಟ ಕೃಷಿಕರ ಮೇಲೆ ಈ ಅನರ್ಹತೆ ಬೀಳುವುದು ಎಂಥ ಅನ್ಯಾಯ! ನಿರ್ದೇಶಕರಿಗಾಗಲಿ ಅವರ ಸಂಬಂಧಿಕರಿಗಾಗಲಿ ಸಾಲ ಅಥವಾ ಮುಂಗಡ ಕೊಡಬೇಕಾದರೆ ಮಹಾಸಭೆಯ ಒಪ್ಪಿಗೆ ಬೇಕೆಂಬುದೂ ಹಲವರಿಗೆ ತಿಳಿದಿಲ್ಲ. ನಮ್ಮ ಸಂಶೋಧಕಿಯರು ಇವನ್ನೆಲ್ಲ ಕಂಪನಿಗಳ ಬಾಗಿಲಿಗೇ ಹೋಗಿ, ದಾಖಲೆ ಬಿಡಿಸಿ ತೋರಿಸಿ ಹೇಳಿಕೊಡುತ್ತಾರೆ.

ಶನಿವಾರದ ತರಗತಿಯಲ್ಲಿ ನಡೆಯುವುದು ದೊಡ್ಡ ಕಂಪನಿಗಳ ವಾರ್ಷಿಕ ವರದಿಯ ಓದು. ಅಲ್ಲಿ ಅಧ್ಯಕ್ಷರ ಭಾಷಣ, ಬಣ್ಣದ ಚಿತ್ರಗಳನ್ನು ಬಿಟ್ಟು ಹಿಂದಿನಿಂದ ಓದಲು ಕಲಿಸುತ್ತಾರೆ. ಮೊದಲು ಪರಿಶೋಧಕರ ವರದಿ, ಅದರಲ್ಲಿ ಅವರು ಆಕ್ಷೇಪ ಎತ್ತಿದ್ದಾರೆಯೇ ಎಂದು. ಆಮೇಲೆ ಸಂಬಂಧಿತ ಪಕ್ಷಗಳೊಂದಿಗಿನ (ನಿರ್ದೇಶಕರು, ಅವರ ಬಂಧುಗಳು, ಅವರದೇ ಬೇರೆ ಕಂಪನಿಗಳು) ವ್ಯವಹಾರದ ಟಿಪ್ಪಣಿ. ಆಮೇಲೆ ನಗದು ಹರಿವಿನ ಪಟ್ಟಿ: ಲಾಭ ವರ್ಷದಿಂದ ವರ್ಷಕ್ಕೆ ಏರುತ್ತ, ವ್ಯವಹಾರದಿಂದ ಬಂದ ನಗದು ಏರದಿದ್ದರೆ ಅಲ್ಲಿ ನಿಲ್ಲಬೇಕು. ಬ್ಯಾಂಕಿನಲ್ಲಿ ರಾಶಿ ಹಣವಿದೆಯೆಂದು ಬರೆದು, ಅದಕ್ಕೆ ತಕ್ಕ ಬಡ್ಡಿ ಕಾಣದಿದ್ದರೆ ಅಲ್ಲೂ ನಿಲ್ಲಬೇಕು. ಹೈದರಾಬಾದಿನ ಸತ್ಯಂ ಕಂಪನಿಯನ್ನು ನಮ್ಮವರು ಪಾಠಕ್ಕೆ ಎತ್ತಿಕೊಳ್ಳುವುದು ಇದಕ್ಕೇ. 2008ರ ಡಿಸೆಂಬರಿನಲ್ಲಿ ಪ್ರವರ್ತಕರ ಕುಟುಂಬದವರ ಎರಡು ಕಂಪನಿಗಳನ್ನು ಕೊಳ್ಳಲು ಆಡಳಿತ ಮಂಡಳಿ ಒಪ್ಪಿತು, ಹೂಡಿಕೆದಾರರು ಸಿಡಿದೆದ್ದ ಕೂಡಲೇ ಕೈಬಿಟ್ಟಿತು. 2009ರ ಜನವರಿ 7ರಂದು ಅಧ್ಯಕ್ಷರು ಬರೆದ ಪತ್ರದಲ್ಲಿ ಪುಸ್ತಕದಲ್ಲಿದ್ದ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ ₹5,040 ಕೋಟಿ ಇಲ್ಲವೇ ಇಲ್ಲ ಎಂಬುದು ಹೊರಬಂತು. ಮಂಡಳಿಯಲ್ಲಿ ಸ್ವತಂತ್ರ ನಿರ್ದೇಶಕರಿದ್ದರು, ಪರಿಶೋಧಕರೂ ಇದ್ದರು. ಕುರ್ಚಿಗಳು ತುಂಬಿದ್ದರೆ ಸಾಲದು, ಬ್ಯಾಂಕಿಗೆ ನೇರ ಬರೆದು ಶಿಲ್ಕು ಎಷ್ಟೆಂದು ಕೇಳುವವರು ಬೇಕೆಂದು ವಿದ್ಯಾರ್ಥಿಗಳಿಗೆ ಇದರಿಂದ ತಿಳಿಯುತ್ತದೆ.

ಕಂಪನಿ ಆಡಳಿತದ ಕಾನೂನು ಬೆಳೆದ ದಾರಿಯನ್ನೂ ಅಲ್ಲೇ ಕಲಿಸುತ್ತಾರೆ: 1999ರ ಕುಮಾರ ಮಂಗಳಂ ಬಿರ್ಲಾ ಸಮಿತಿ, 2003ರ ನಾರಾಯಣ ಮೂರ್ತಿ ಸಮಿತಿ, 2013ರ ಕಂಪನಿ ಕಾಯ್ದೆ, 2017ರ ಉದಯ್ ಕೊಟಕ್ ಸಮಿತಿ. ಇವಕ್ಕೆಲ್ಲ ಮೊದಲು 1992ರಲ್ಲಿ ಲಂಡನ್ನಿನಿಂದ ಬಂದ ವರದಿ, ಚಾಕಲೇಟು ಕಂಪನಿಯ ಮುಖ್ಯಸ್ಥರಾಗಿದ್ದ ಏಡ್ರಿಯನ್ ಕ್ಯಾಡ್ಬರಿಯವರ ಅಧ್ಯಕ್ಷತೆಯದ್ದು. ನಮ್ಮ ಅಡಿಕೆ-ಕೊಕ್ಕೋ ಬೆಳೆಗಾರರ ಕ್ಯಾಂಪ್ಕೊ 1986ರಲ್ಲೇ ಪುತ್ತೂರಿನಲ್ಲಿ ತನ್ನ ಚಾಕಲೇಟು ಕಾರ್ಖಾನೆ ತೆರೆದಿತ್ತೆಂದು ನೆನೆದಾಗ ಹೆಮ್ಮೆಯೆನಿಸುತ್ತದೆ. ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರಲ್ಲಿ ಹುಟ್ಟಿದ, ಕರ್ನಾಟಕ-ಕೇರಳ ಎರಡರ ಬೆಳೆಗಾರರೂ ಸದಸ್ಯರಾಗಿರುವ ಆ ಸಂಸ್ಥೆಯಂಥವಕ್ಕೆ ಅನ್ವಯಿಸುವ ಬಹುರಾಜ್ಯ ಸಹಕಾರಿ ಸಂಘಗಳ ಕಾಯ್ದೆ 2023ರಲ್ಲಿ ತಿದ್ದುಪಡಿಯಾಯಿತು. ಪ್ರತ್ಯೇಕ ಚುನಾವಣಾ ಪ್ರಾಧಿಕಾರ, ಸದಸ್ಯರ ದೂರಿಗೆ ಸಹಕಾರಿ ಓಂಬುಡ್ಸ್‌ಮನ್ ಬಂದವು. ಇದರ ಬಗ್ಗೆ ಗ್ರಂಥಪಾಲಕರು ಸಿದ್ಧಪಡಿಸಿದ ಕನ್ನಡ ಕೈಪಿಡಿ ಗಡಿಯ ಎರಡೂ ಬದಿಯ ಸೊಸೈಟಿಗಳಿಗೆ ಹೋಗಿದೆ.

ಎಣ್ಮಕಜೆ, ಬೆಳ್ಳೂರು, ಮುಳಿಯಾರು ಕಡೆಯ ಬಂಧುಗಳಿಗೆ ನಮ್ಮ ದಾಖಲೆ ಕೊಠಡಿಯ ಬೆಲೆ ಬೇರೆ ಯಾರೂ ಹೇಳಬೇಕಿಲ್ಲ. ಸರಕಾರಿ ಕಂಪನಿಯ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎರಡು ದಶಕ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದು, 2011ರಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ತಡೆದದ್ದು, 2017ರ ಜನವರಿಯಲ್ಲಿ ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ ₹5 ಲಕ್ಷ ಕೊಡಬೇಕೆಂದು ಆದೇಶಿಸಿದ್ದು ಎಲ್ಲರಿಗೂ ತಿಳಿದಿದೆ. ನಮ್ಮವರು ಆ ಕಡತಗಳಲ್ಲಿ ಹುಡುಕುವುದು ಬೇರೆ ಪ್ರಶ್ನೆಗಳ ಉತ್ತರ. ಸಿಂಪಡಣೆಯ ಖರ್ಚು ಮಂಜೂರು ಮಾಡುವ ಸಭೆಯಲ್ಲಿ ಬಾವಿ, ತೋಡು, ಕುಡಿಯುವ ನೀರಿನ ಸುರಂಗಗಳ ಮಾತು ಬರಬೇಕಾದದ್ದು ಯಾವ ಹಂತದಲ್ಲಿ? ಊರಿನವರ ದೂರು ಮಂಡಳಿಯ ಮೇಜಿಗೆ ಹೋಗಬೇಕಾದ ದಾರಿ ಯಾವುದು? ತೋಟದ ಬೇಲಿಯಾಚೆ ಇರುವವರಿಗೆ ಪಾಲೂ ಇಲ್ಲ, ಮತವೂ ಇಲ್ಲ. ಅವರ ಪರವಾಗಿ ಕೇಳುವ ಹೊಣೆ ಯಾವ ನಿರ್ದೇಶಕರದ್ದು? ಈ ಪ್ರಶ್ನೆಗಳನ್ನು ಕೇಳುವ ಸಂಶೋಧನೆ ನಮ್ಮ ಮಣ್ಣಿನಲ್ಲಿ ನಡೆಯದೆ ಇನ್ನೆಲ್ಲಿ ನಡೆಯಬೇಕು? ಪತ್ರಿಕೆಗಳ ತುಣುಕು, ಪಂಚಾಯತ್ ಅರ್ಜಿಗಳ ಪ್ರತಿ, ಊರಿನವರು ಕೊಟ್ಟ ಕಾಗದಗಳಿರುವ ಆ ಕಪಾಟು ಈ ಬಾರಿ ಒದ್ದೆಯಾಗಲಿಲ್ಲ. ಅದು ಸೋರುವ ಮೂಲೆಯಿಂದ ಎರಡೇ ಮಾರು ದೂರದಲ್ಲಿದೆ.

ಇನ್ನು ಮಾಡಿನ ವಿಚಾರ. ಎರಡು ಮಾಡುಗಳು ಸೇರುವ ಕಣಿವೆಯಲ್ಲಿ ಹಾಕಿದ್ದ ಸತುವಿನ ತಗಡು ತುಕ್ಕು ತಿಂದು ತೂತಾಗಿದೆ. ಮೇಲಿನ ಹಲಸಿನ ಮರದ ಎಲೆ ಅಲ್ಲಿ ಕಟ್ಟಿ, ನೀರು ಹಿಮ್ಮೆಟ್ಟಿ ಹಂಚಿನ ಅಡಿಗೆ ನುಗ್ಗಿತು. ಕೆಳಗಿನ ಪಕ್ಕಾಸುಗಳು (ಇಳಿಜಾರಿನ ತೊಲೆಗಳು) ಕುಂಬಾಗಿವೆ, ರೀಪುಗಳಿಗೆ (ಅವುಗಳ ಮೇಲಿನ ಅಡ್ಡಪಟ್ಟಿಗಳಿಗೆ) ಗೆದ್ದಲು ಹಿಡಿದಿದೆ. ಬರೀ ಹಂಚು ಬದಲಾಯಿಸಿದರೆ ಒಂದು ವರ್ಷವೂ ನಿಲ್ಲುವುದಿಲ್ಲವೆಂದು ಆಚಾರಿಗಳು ಹೇಳಿದ್ದಾರೆ. ಕಣಿವೆಗೆ ಅಗಲದ ಅಲ್ಯೂಮಿನಿಯಂ ತಗಡು, ಕೆಟ್ಟ ಪಕ್ಕಾಸು-ರೀಪುಗಳ ಬದಲಿಗೆ ಮದ್ದು ಹಾಕಿದ ಮರ, ಮೇಲೆ ಹೊಸ ಹಂಚು. ನೂರು ಚದರಡಿಗೆ ಸುಮಾರು 140 ಹಂಚು ಬೇಕು. ನಮ್ಮ ಪಡುಮಾಡಿನ ಇಳಿಜಾರು ಸಾವಿರದ ನೂರು ಚದರಡಿಯ ಹತ್ತಿರ, ಒಡೆಯುವುದೂ ಸೇರಿ ಸಾವಿರದ ಏಳುನೂರು ಹಂಚು. ಕಾರ್ಖಾನೆಯಿಂದ ಕಾರ್ಖಾನೆಗೆ ಅಳತೆ ವ್ಯತ್ಯಾಸವಿರುವುದರಿಂದ ಹಳೆಯದರ ನಡುವೆ ಹೊಸ ಹಂಚು ಸೇರಿಸಿದರೆ ಕಚ್ಚು ಕೂಡುವುದಿಲ್ಲ, ಆ ಸಂದಿಯಲ್ಲೇ ಮತ್ತೆ ಸೋರುತ್ತದೆ. ಆದ್ದರಿಂದ ಪಡುಬದಿಗೆ ಪೂರ್ತಿ ಹೊಸದು. ಇಳಿಸಿದ ಹಳೆಯ ಹಂಚುಗಳಲ್ಲಿ ಗಟ್ಟಿಯಿರುವವನ್ನು ಮೂಡುಬದಿಯ ಒಡಕುಗಳಿಗೆ ಇಟ್ಟುಕೊಳ್ಳುತ್ತೇವೆ. ಹಲಸಿನ ಮರದ ಚಾಚಿದ ಎರಡು ಗೆಲ್ಲು ಕಡಿಸುತ್ತೇವೆ, ಮರ ಉಳಿಯುತ್ತದೆ.

ಒದ್ದೆಯಾದ ಕಾಗದಕ್ಕೆ ನಮ್ಮ ಸೆಕೆಯಲ್ಲಿ ಎರಡೇ ದಿನಕ್ಕೆ ಬೂಷ್ಟು ಬರುತ್ತದೆ. ಬಿಸಿಲಿಗೆ ಹರಡಿದರೆ ಹಾಳೆ ಸೊಟ್ಟಗಾಗಿ ಶಾಯಿ ಮಾಸುತ್ತದೆ. ನುಣುಪು ಕಾಗದದ ವಾರ್ಷಿಕ ವರದಿಗಳು ಒದ್ದೆಯಾಗಿ ಹಾಗೇ ಒಣಗಿದರೆ ಹಾಳೆಗಳೆಲ್ಲ ಅಂಟಿಕೊಂಡು ಇಟ್ಟಿಗೆಯಾಗಿಬಿಡುತ್ತವೆ, ಆಮೇಲೆ ಬಿಡಿಸಲಾಗದು. ಆ ರಾತ್ರಿಯೇ ಗ್ರಂಥಪಾಲಕರೂ ವಿದ್ಯಾರ್ಥಿನಿಯರೂ ನಡಾವಳಿ ಪುಸ್ತಕಗಳ ಹಾಳೆಗಳ ನಡುವೆ ಒತ್ತುಕಾಗದ ಇಟ್ಟು ಫ್ಯಾನಿನಡಿ ನಿಲ್ಲಿಸಿದರು. ನುಣುಪು ವರದಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಐಸ್‌ಕ್ರೀಂ ವ್ಯಾಪಾರಿಯೊಬ್ಬರು ಕೊಟ್ಟ ಫ್ರೀಜರಿಗೆ ಸೇರಿಸಿದರು. ಹೆಪ್ಪುಗಟ್ಟಿದ ಕಾಗದಕ್ಕೆ ಬೂಷ್ಟು ಹತ್ತುವುದಿಲ್ಲ, ಸಾವಕಾಶವಾಗಿ ಒಂದೊಂದೇ ತೆಗೆದು ಒಣಗಿಸಬಹುದು. ಅದಕ್ಕೆ ತೇವ ಹೀರುವ ಯಂತ್ರ, ಒತ್ತುಕಾಗದ, ಪುಸ್ತಕವನ್ನು ಪೂರ್ತಿ ಬಿಡಿಸದೆ ಮೇಲಿನಿಂದ ಪ್ರತಿ ತೆಗೆಯುವ ಸ್ಕ್ಯಾನರ್ ಬೇಕು. ಫ್ರೀಜರನ್ನು ಮೇ ಕೊನೆಗೆ ಅವರಿಗೆ ಹಿಂದಿರುಗಿಸಬೇಕು.

ಖರ್ಚು ಹೀಗೆ ಬರುತ್ತದೆ: ಮಾಡಿಗೆ ಸುಮಾರು ನಾಲ್ಕೂವರೆ ಲಕ್ಷ, ಕಾಗದಗಳಿಗೆ ಒಂದೂಕಾಲು ಲಕ್ಷದ ಹತ್ತಿರ, ಇಬ್ಬರು ಸಂಶೋಧಕಿಯರಿಗೆ ತಿಂಗಳಿಗೆ ಹದಿನೈದು ಸಾವಿರದಂತೆ ವರ್ಷಕ್ಕೆ ಮೂರು ಲಕ್ಷದ ಅರುವತ್ತು ಸಾವಿರ. ಒಟ್ಟು ಒಂಬತ್ತು ಲಕ್ಷದ ಮೂವತ್ತೈದು ಸಾವಿರದಷ್ಟು. ಟ್ರಸ್ಟಿನ ಕೈಯಲ್ಲಿ ಎರಡು ಲಕ್ಷವಿದೆ.

ಆಡಳಿತದ ಪಾಠ ಹೇಳುವ ಕೇಂದ್ರದ ಲೆಕ್ಕ ಹೇಗಿರಬೇಕೋ ಹಾಗೆಯೇ ಇಡುತ್ತೇವೆ. ಮಾಡಿನ ಕೆಲಸಕ್ಕೆ ಮೂರು ಕೊಟೇಶನ್ ತರಿಸಿದ್ದೇವೆ, ಟ್ರಸ್ಟಿಗಳ ಸಂಬಂಧಿಕರಿಂದ ತರಿಸಿಲ್ಲ. ಮಾಡಿಗೆಂದು ಕೊಟ್ಟದ್ದು ಮಾಡಿಗೇ, ವೇತನಕ್ಕೆಂದು ಕೊಟ್ಟದ್ದು ವೇತನಕ್ಕೇ ಹೋಗುತ್ತದೆ. ರಶೀದಿಯಲ್ಲಿ ಅದನ್ನು ಬರೆದೇ ಕೊಡುತ್ತೇವೆ. ಚೆಕ್ಕಿಗೆ ಇಬ್ಬರ ಸಹಿ. ನಮ್ಮವರು ಅಧ್ಯಯನ ಮಾಡುತ್ತಿರುವ ಕಂಪನಿ, ಸೊಸೈಟಿಗಳಿಂದ ಆ ಅಧ್ಯಯನ ಮುಗಿಯುವವರೆಗೆ ದೇಣಿಗೆ ಸ್ವೀಕರಿಸುವುದಿಲ್ಲ, ಅವರು ಬೇಸರಿಸಬಾರದು.

ಕೊಡುವ ಬಂಧುಗಳು ಗಮನಿಸಬೇಕಾದದ್ದು: ದೇಣಿಗೆಗೆ ಆದಾಯ ತೆರಿಗೆ ವಿನಾಯಿತಿ (80ಜಿ) ಬೇಕಿದ್ದವರು ₹2,000ಕ್ಕಿಂತ ಹೆಚ್ಚಿನ ಮೊತ್ತವನ್ನು ನಗದಾಗಿ ಕೊಡಬೇಡಿ, ಬ್ಯಾಂಕ್ ಮೂಲಕವೇ ಕಳಿಸಿ. ಹೆಸರು, ವಿಳಾಸ, ಪ್ಯಾನ್ ಸಂಖ್ಯೆ ಬರೆದು ಕೊಡಿ. ಅವಿಲ್ಲದಿದ್ದರೆ ಪ್ರಮಾಣಪತ್ರ ಕೊಡಲು ನಮಗಾಗುವುದಿಲ್ಲ. ಗಲ್ಫಿನಲ್ಲಿರುವ ಬಂಧುಗಳಲ್ಲಿ ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಧಾರಾಳವಾಗಿ ಕಳಿಸಬಹುದು, ಅದು ವಿದೇಶಿ ದೇಣಿಗೆಯಾಗುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರು, ಓಸಿಐ (ಸಾಗರೋತ್ತರ ಭಾರತೀಯ) ಕಾರ್ಡು ಇದ್ದರೂ, ದಯವಿಟ್ಟು ಕಳಿಸಬೇಡಿ. ಅದಕ್ಕೆ ಬೇಕಾದ ಅನುಮತಿ ನಮ್ಮ ಟ್ರಸ್ಟಿಗಿಲ್ಲ. ಅಂಥವರು ಊರಿಗೆ ಬಂದಾಗ ಕೇಂದ್ರಕ್ಕೊಮ್ಮೆ ಬಂದು ಹೋದರೆ ನಮಗೆ ಸಂತೋಷ.

ಹಣದ ಬದಲು ಮರ, ಹಂಚು, ಒಂದು ದಿನದ ಕೆಲಸ ಕೊಡುವವರಿದ್ದರೆ ಮೊದಲೇ ತಿಳಿಸಿ. ಮರ ಕೊಡುವವರು ಹಲಸು, ಬೋಗಿ, ಹೆಬ್ಬಲಸು ಇವುಗಳಲ್ಲಿ ಚೆನ್ನಾಗಿ ಒಣಗಿದ್ದನ್ನೇ ಕೊಡಬೇಕಾಗಿ ವಿನಂತಿ. ಹಸಿಮರ ಮಳೆಗಾಲದಲ್ಲಿ ತಿರುಚಿ ಹಂಚನ್ನು ಎತ್ತಿಬಿಡುತ್ತದೆ. ಖಾತೆಯ ವಿವರ ಜೊತೆಗಿರುವ ಹಾಳೆಯಲ್ಲಿದೆ. ಹಂಚು ಇಳಿಸುವ ಕೆಲಸ ಮುಂದಿನ ಸೋಮವಾರ ಶುರುವಾಗುತ್ತದೆ. ಮುಂಗಡ ಕೊಟ್ಟಾಗಿದೆ, ಉಳಿದದ್ದನ್ನು ಕೆಲಸ ಮುಗಿದ ದಿನವೇ ಕೊಡಬೇಕು. ಬಿಲ್ಲುಗಳ ಪ್ರತಿ ಮತ್ತು ಪರಿಶೋಧಕರು ಸಹಿ ಹಾಕಿದ ಲೆಕ್ಕ ಆಟಿ ತಿಂಗಳೊಳಗೆ (ಆಗಸ್ಟ್ ನಡುವಿನೊಳಗೆ) ದಾನಿಗಳೆಲ್ಲರ ಮನೆಗೆ ಅಂಚೆಯಲ್ಲಿ ಬರುತ್ತದೆ.

ಇತಿ ತಮ್ಮ ವಿಶ್ವಾಸಿಗಳು,
ಟ್ರಸ್ಟಿಗಳು