ಮಗಳಿಗೊಂದು ಪತ್ರ: ನಂದಗಡದ ಪುಟ ಹಾರಸಬ್ಯಾಡ

ಬೈಲಹೊಂಗಲ

ಚಿ. ಸೌ. ಮಗಳಿಗೆ ಅಪ್ಪನ ಆಶೀರ್ವಾದಗಳು.

ಜೂನ್ ತಿಂಗಳಿಂದ ಕೂಸಿನ್ನ ಸಾಲಿ ಬಿಡಿಸಿ ಮನ್ಯಾಗ ಕಲಸತೇನಿ ಅಂತ ನೀ ಫೋನಿನ್ಯಾಗ ಅಂದಿ, ಇಬ್ಬರದೂ ದನಿ ಏರಿತು. ಮನಸ್ಸಿಗೆ ಹಚ್ಚಿಕೋಬ್ಯಾಡ, ಆ ಮಾತು ಮತ್ತ ತಗಿಯೂದಿಲ್ಲ. ಜೀವನಚರಿತ್ರೆ ಓದಿ ಹೇಳಿ ಇತಿಹಾಸ ಕಲಸತೇನಿ ಅಂದ್ಯಲ್ಲ, ಅದು ನನಗ ಸೇರಿತು. ಓದಿ ಹೇಳಾಕ ನಿನ್ನಂಥ ದನಿ ನಮ್ಮ ಮನ್ಯಾಗ ಯಾರಿಗೂ ಇಲ್ಲ.

ದಿನಕ್ಕ ಹದಿನೈದು-ಇಪ್ಪತ್ತು ನಿಮಿಷ ಸಾಕು. ಎಂಟು ವರ್ಷದ ಕೂಸು ಅದಕ್ಕಿಂತ ಹೆಚ್ಚಿಗೆ ಕುಂದ್ರೂದಿಲ್ಲ. ಹಿಂದಿನ ರಾತ್ರಿ ನೀ ಒಮ್ಮೆ ಓದಿಕೋ. ಕಪ್ಪ, ದತ್ತಕ, ಇನಾಮು, ಇಂಥ ಎರಡು-ಮೂರು ಶಬ್ದ ಮದಲ ಹೇಳಿ ಇಡು. ನಡುನಡುವ ನಿಂತು ಅರ್ಥ ಹೇಳಿದರ ಕಥಿ ಹರೀತೈತಿ. ಓದಿದ ಮ್ಯಾಲ ಪ್ರಶ್ನಿ ಕೇಳಬ್ಯಾಡ, ಪುಸ್ತಕ ಮುಚ್ಚಿ ‘ಏನಾತು ಹೇಳು’ ಅನ್ನು. ತಪ್ಪಿದರೂ ಮುಗಿಯೂತನಕಾ ತಡೀಬ್ಯಾಡ. ನಡುವ ತಿದ್ದಿದರ ಕಥಿ ಬಿಟ್ಟು ನಿನ್ನ ಮಾರಿ ನೋಡಿ ಹೇಳಾಕ ಚಾಲೂ ಮಾಡತೈತಿ.

ಬರೇ ಚರಿತ್ರೆ ಕೇಳಿದ ಮಕ್ಕಳಿಗೆ ಬಸವಣ್ಣ, ಚೆನ್ನಮ್ಮ, ಝಾನ್ಸಿ ರಾಣಿ ಎಲ್ಲಾರೂ ಒಂದ ಕಾಲದಾಗ ಇದ್ದಂಗ ಅನಸತೈತಿ. ಗ್ವಾಡಿಗೆ ಕಾಗದದ ಪಟ್ಟಿ ಹಚ್ಚು. ನೂರು ವರ್ಷಕ್ಕ 20 ಸೆಂಟಿಮೀಟರ್ ಹಿಡಿ. 1100ರಿಂದ 2000ದ ತನಕಾ 180 ಆಗತೈತಿ. ಬಸವಣ್ಣನ 12ನೇ ಶತಮಾನದಿಂದ ಕಿತ್ತೂರಿನ ಕಾಳಗದ 1824ಕ್ಕ ಬರಾಕ ನಾಲ್ಕು ಫೂಟಿನ ಮ್ಯಾಲ ಖಾಲಿ ಜಾಗ. 1656ರ ಗೋಳಗುಮ್ಮಟ ಆ ಖಾಲಿ ಜಾಗದಾಗ ಬರತೈತಿ. ಸಂಗೊಳ್ಳಿ ರಾಯಣ್ಣ ಹುಟ್ಟಿದ್ದು ಒಂದು ಪುಸ್ತಕದಾಗ 1796, ಇನ್ನೊಂದರಾಗ 1798 ಇರತೈತಿ. ಎರಡೂ ಪೆನ್ಸಿಲಿನಿಂದ ಬರಸು.

ಪುಸ್ತಕದಾಗ ಮಾತುಕತಿ ಬಂದಾಗ ಹುಷಾರು. 1824ರ ಅಕ್ಟೋಬರ್ 23ಕ್ಕ ಕಿತ್ತೂರಾಗ ಬ್ರಿಟಿಷರ ಕಲೆಕ್ಟರ್ ಥ್ಯಾಕರೆ ಸತ್ತದ್ದು ದಾಖಲಿ. ರಾಣಿ ಚೆನ್ನಮ್ಮ ಹಿಂಗ ಗುಡುಗಿದಳು ಅನ್ನೂದು ಬರದವರು ಕಟ್ಟಿದ್ದು. ಕೂಸಿಗೆ ಎರಡೂ ಬ್ಯಾರೆ ಬ್ಯಾರೆ ಅಂತ ಹೇಳು.

ಇನ್ನ ರಾಯಣ್ಣನ ಕಡೀ ಪುಟ. ಇಷ್ಟೆಲ್ಲಾ ಬರದದ್ದು ಅದಕ್ಕಾಗಿನ. ನೀ ಮೆತ್ತನ್ನ ಮನಸ್ಸಿನಾಕಿ, ಆ ಪುಟ ಹಾರಸತೀ ಅಂತ ನನಗ ಅಂಜಿಕಿ. ಹಾರಸಬ್ಯಾಡ. 1831ರ ಜನವರಿ 26ಕ್ಕ ನಂದಗಡದಾಗ ಆಲದ ಮರಕ್ಕ ಗಲ್ಲಿಗೆ ಹಾಕಿದರು. ಇದ್ದ ದನೀಲೆ ಓದು, ನಡುಗಿಸಬ್ಯಾಡ. ಮಲಗೂ ಹೊತ್ತಿನ್ಯಾಗ ಬ್ಯಾಡ, ಮುಂಜಾನೆ ಓದು. ಏನರ ಕೇಳಬೇಕಂದರ ಕೂಸಿಗೆ ಇಡೀ ದಿನ ಇರತೈತಿ. ಗಲ್ಲಿಗಿಂತ ಕಠಿಣ ಅದರ ಹಿಂದಿನ ಪುಟ. ‘ನಮ್ಮವರ ಯಾಕ ಹಿಡದು ಕೊಟ್ಟರು?’ ಅಂತ ಕೇಳೇ ಕೇಳತೈತಿ. ಪುಸ್ತಕದಾಗ ದ್ರೋಹ ಮಾಡಿದವರ ಹೆಸರು, ಊರು ಇರತಾವು. ಓದು, ಆದರ ಅಲ್ಲೇ ನಿಲ್ಲಿಸಬ್ಯಾಡ. ಆ ಊರಾಗ ಇವತ್ತೂ ಮಂದಿ ಇದ್ದಾರ, ಅವರ ಮಕ್ಕಳೂ ನಮ್ಮ ಕೂಸಿನ ವಾರಿಗಿಯವು. ಬ್ರಿಟಿಷ್ ಸರಕಾರ ರಾಯಣ್ಣನ ಭೂಮಿ ಕಸಗೊಂಡು, ಉಳಿದದ್ದಕ್ಕ ಭಾರಿ ಕರ ಹಾಕಿತ್ತು. ಅವನ ಮಂದಿ ಕಚೇರಿ ಸುಟ್ಟರು, ಖಜಾನಿ ಲೂಟಿ ಮಾಡಿದರು, ಅದನ್ನೂ ಮುಚ್ಚಬ್ಯಾಡ. ಯಾರ ಹೊಲ ಹೋತು, ಯಾರಿಗೆ ಇನಾಮು ಬಂತು ಅಂತ ಕೂಸಿನ ಕೂಡ ಕುಂತು ಹುಡುಕು. ಸಿಟ್ಟು ಬರಲಿ, ಬರಬೇಕು. ಒಂದು ಊರಿನ ಮ್ಯಾಲ ಬರೂದು ಬ್ಯಾಡ. ಮತ್ತ ಮತ್ತ ಅದನ್ನ ಹೇಳಾಕತ್ತೇನಿ, ಗೊತ್ತೈತಿ.

ಪರೀಕ್ಷೆದ ಚಿಂತಿ ಅಷ್ಟಿಲ್ಲ. 14 ತುಂಬಿದ ಮ್ಯಾಲ ರಾಷ್ಟ್ರೀಯ ಮುಕ್ತ ಶಾಲೆಯ ಹತ್ತನೇ ಇಯತ್ತೆಗೆ ಕಟ್ಟಬಹುದು. ಕೂಸು ಒಂಟಿ ಆಗತೈತಿ ಅನ್ನೂದು ಚಿಂತಿ. ಓದೂ ಹೊತ್ತಿಗೆ ಓಣಿಯ ಹುಡುಗರನ್ನ ಇಬ್ಬರನ್ನಾದರೂ ಕರದು ಕುಂದರಸು. ಒಂದ ಕಥಿ ಮೂರು ಮಕ್ಕಳು ಮೂರು ನಮೂನಿ ಹೇಳತಾವು, ಅದರ ಮ್ಯಾಲ ತಾವ ಜಗಳಾಡತಾವು. ಆಗ ನೀ ಸುಮ್ಮನಿರು.

ನಿನ್ನ ಅಪ್ಪ