ಲಾಂಛನದ ಡಯಲ್‌ಗೆ ಬೆಲೆ ಕಟ್ಟುವ ಮುನ್ನ

ಮಾನ್ಯ ಸಂಪಾದಕರೇ,

ಹಳೆ ಎಚ್‌ಎಂಟಿ ಕೈಗಡಿಯಾರಗಳಿಗೆ ಮತ್ತೆ ಬಂದಿರುವ ಬೇಡಿಕೆ ಕುರಿತು ನಿಮ್ಮ ಭಾನುವಾರದ ಪುರವಣಿಯಲ್ಲಿ ಪ್ರಕಟವಾದ ಬರಹ ಓದಿದೆವು. ಜನತಾ, ಪೈಲಟ್, ಕೋಹಿನೂರ್ ಮಾದರಿಗಳ ವಿಚಾರ ಚೆನ್ನಾಗಿ ಬಂದಿದೆ. ಆದರೆ ಸಂಸ್ಥೆಗಳ ಲಾಂಛನ ಇರುವ ಆಟೋಮ್ಯಾಟಿಕ್ (ಕೈಯ ಅಲುಗಾಟದಿಂದಲೇ ಕೀ ತುಂಬಿಕೊಳ್ಳುವ) ವಾಚು ಸಿಕ್ಕರೆ ಕಣ್ಣು ಮುಚ್ಚಿ ಕೊಳ್ಳಬಹುದು ಎಂಬರ್ಥದ ಸಲಹೆಯನ್ನು ಒಪ್ಪಲಾಗದು. ಕಿಸೆಗೆ ಕತ್ತರಿ ಬೀಳುವುದು ಹೆಚ್ಚಾಗಿ ಇಂಥ ವಾಚಿನಲ್ಲೇ. ಬರಹದ ಜತೆ ಹಾಕಿರುವ ಚಿತ್ರವನ್ನೇ ನೋಡಿ. ಡಯಲ್ ಮೇಲೆ ‘ಆಟೋಮ್ಯಾಟಿಕ್’ ಎಂದೂ ಇದೆ, ಕೆಳಗೆ ‘17 ಜ್ಯುವೆಲ್ಸ್’ (ಒಳಗಿನ ಯಂತ್ರದಲ್ಲಿ ಸವೆತ ತಡೆಯುವ ಪುಟ್ಟ ಹರಳುಗಳ ಲೆಕ್ಕ) ಎಂದೂ ಇದೆ. ಲಾಂಛನದ ಮೇಲ್ತುದಿ 12ರ ಗೆರೆಗೆ ತಾಗಿಕೊಂಡಿದೆ. ಕಾರ್ಖಾನೆಯ ಡಯಲ್ ಹೀಗಿರುವುದಿಲ್ಲ.

1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿ ವಾಚ್ ತಯಾರಿಕೆ 1978ರಲ್ಲಿ ತುಮಕೂರಿಗೂ ಬಂತು. ಕಾರ್ಖಾನೆ, ಬ್ಯಾಂಕು, ನಿಗಮಗಳು ಬೆಳ್ಳಿಹಬ್ಬಕ್ಕೋ ನೌಕರರ ದೀರ್ಘ ಸೇವೆಯ ನೆನಪಿಗೋ ಒಟ್ಟಿಗೆ ವಾಚು ತರಿಸಿ, ಡಯಲ್ ಮೇಲೆ ತಮ್ಮ ಗುರುತು ಅಚ್ಚು ಹಾಕಿಸಿ ಹಂಚುತ್ತಿದ್ದವು. ಆಟೋಮ್ಯಾಟಿಕ್ ವಾಚಿನ ಬೆಲೆ ಹೆಚ್ಚು. ಆದ್ದರಿಂದ ಇಂಥ ಉಡುಗೊರೆಗಳಲ್ಲಿ ಕೀ ಕೊಡುವ ವಾಚೇ ಸಾಮಾನ್ಯ, ಆಟೋಮ್ಯಾಟಿಕ್ ವಿರಳ. ವಿರಳ ಎಂದ ಮೇಲೆ ಅದನ್ನು ‘ಸೃಷ್ಟಿಸುವವರು’ ಇದ್ದೇ ಇರುತ್ತಾರೆ.

ಸೃಷ್ಟಿಸುವುದು ಕಷ್ಟವೂ ಅಲ್ಲ. ಕೆಟ್ಟು ನಿಂತ ವಾಚುಗಳನ್ನು ರಾಶಿಯಲ್ಲಿ ಕೊಂಡು, ಡಯಲ್‌ನ ಹಳೆ ಬಣ್ಣ ಕೆರೆದು, ಹೊಸ ಬಣ್ಣ ಸಿಂಪಡಿಸಿ, ಮೇಲೆ ಬೇಕಾದ ಚಿಹ್ನೆ ಅಚ್ಚು ಹಾಕುತ್ತಾರೆ. ಸೈನ್ಯದ ಕತ್ತಿ, ರೈಲ್ವೆಯ ಚಕ್ರ, ಅಶೋಕ ಸ್ತಂಭ, ಯಾವುದು ಓಡುತ್ತದೋ ಅದು. ಹೊರದೇಶದ ಸಂಗ್ರಾಹಕರು ಇದಕ್ಕೆ ‘ಮುಂಬೈ ಸ್ಪೆಷಲ್’ ಎಂದೇ ಹೆಸರಿಟ್ಟಿದ್ದಾರೆ. ಎಚ್‌ಎಂಟಿ ಮಾತ್ರವಲ್ಲ, ಜಪಾನಿನ ಆಟೋಮ್ಯಾಟಿಕ್ ವಾಚಾದ ಸೀಕೊ 5, ಸಿಟಿಜನ್‌ಗಳೂ ಇದೇ ಪಾಡು ಪಟ್ಟಿವೆ. ಕಡಿಮೆ ಬೆಲೆಗೆ ತೊಡಲು ಕೊಂಡರೆ ತಕರಾರಿಲ್ಲ. ಅಪರೂಪದ್ದು ಎಂದು ಹತ್ತು ಪಟ್ಟು ಕೊಡುವಾಗ ಮಾತ್ರ ಹುಷಾರಾಗಿರಬೇಕು.

ಮೊದಲು ಹಿಂಬದಿ ಮುಚ್ಚಳ ಬಿಚ್ಚಿಸಿ. ಬಿಚ್ಚಲು ಒಪ್ಪದವರ ಹತ್ತಿರ ವ್ಯಾಪಾರವೇ ಬೇಡ. ಆನ್‌ಲೈನ್ ಆದರೆ ಮಷಿನ್‌ನ, ಅಂದರೆ ಒಳಗಿನ ಯಂತ್ರದ, ಫೋಟೊ ಕೇಳಿ. ಎಚ್‌ಎಂಟಿಯ ಕೀ ಕೊಡುವ ವಾಚುಗಳಲ್ಲಿ ಎಲ್ಲೆಡೆ ಕಾಣುವುದು 17 ಜ್ಯುವೆಲ್‌ನ 0231 ಮಷಿನ್. ಆಟೋಮ್ಯಾಟಿಕ್‌ನದು ಸಿಟಿಜನ್ ವಿನ್ಯಾಸದ 6500 ಸಾಲು, 21 ಜ್ಯುವೆಲ್. ಕೈ ಅಲುಗಿದಾಗ ತಿರುಗಿ ಸ್ಪ್ರಿಂಗ್ ತುಂಬುವ ಅರ್ಧಚಂದ್ರಾಕಾರದ ರೋಟರ್ ಇಲ್ಲದಿದ್ದರೆ ಡಯಲ್ ಏನೇ ಹೇಳಲಿ, ಅದು ಆಟೋಮ್ಯಾಟಿಕ್ ಅಲ್ಲ. ರೋಟರ್ ಇದ್ದೂ ಡಯಲ್ ಮೇಲೆ 17 ಜ್ಯುವೆಲ್ ಎಂದಿದ್ದರೆ ಡಯಲ್ ಬೇರೆ ಎಲ್ಲಿಂದಲೋ ಬಂದಿದೆ, ಇಲ್ಲವೇ ಹೊಸದಾಗಿ ಅಚ್ಚಾಗಿದೆ. ಸೇನೆಯ ಚಿಹ್ನೆಯ ಎಚ್‌ಎಂಟಿ ಆಟೋಮ್ಯಾಟಿಕ್ ಎಂದು ಯಾರಾದರೂ ತಂದರೆ ಎರಡು ಪಟ್ಟು ಅನುಮಾನ ಪಡಬೇಕು. ಸೈನಿಕರ ಹೆಸರಿನ ‘ಜವಾನ್’ ಕೂಡ ಕೀ ಕೊಡುವ 17 ಜ್ಯುವೆಲ್ ವಾಚೇ.

ಸೀಕೊ 5ರಲ್ಲಿ ಪರೀಕ್ಷೆ ಇನ್ನೂ ಸುಲಭ. ಹಿಂಬದಿಯಲ್ಲಿ 7009, 6309ರಂಥ ಮಷಿನ್ ಸಂಖ್ಯೆಯಿಂದ ಶುರುವಾಗಿ, ಅಡ್ಡಗೆರೆಯ ನಂತರ ನಾಲ್ಕು ಅಕ್ಷರದ ಕೇಸ್ (ಹೊರಕವಚ) ಸಂಖ್ಯೆ ಇರುತ್ತದೆ. ಡಯಲ್‌ನ ಕೆಳ ಅಂಚಿನಲ್ಲಿ, 6ರ ಅಕ್ಕಪಕ್ಕ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಮಷಿನ್ ಸಂಖ್ಯೆಯೂ ಡಯಲ್ ಸಂಖ್ಯೆಯೂ ಇರುತ್ತವೆ. ಎರಡೂ ಕಡೆ ಮಷಿನ್ ಸಂಖ್ಯೆ ಒಂದೇ ಇರಬೇಕು. ಹಿಂಬದಿಯ ಆರು ಅಂಕಿಯ ಕ್ರಮಸಂಖ್ಯೆಯಲ್ಲಿ ಮೊದಲನೆಯದು ವರ್ಷದ ಕೊನೆಯ ಅಂಕಿ, ಎರಡನೆಯದು ತಿಂಗಳು. ಅಕ್ಟೋಬರ್, ನವೆಂಬರ್, ಡಿಸೆಂಬರ್‌ಗೆ ಓ, ಎನ್, ಡಿ. ಬಣ್ಣ ಬಳಿದವರು ಈ ಸಣ್ಣ ಅಕ್ಷರಗಳನ್ನು ಬಿಟ್ಟೇ ಬಿಡುತ್ತಾರೆ, ಅಥವಾ ಎಲ್ಲ ವಾಚಿಗೂ ಒಂದೇ ಸಂಖ್ಯೆ ಒತ್ತಿರುತ್ತಾರೆ.

ನಂತರ ಡಯಲ್. ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಐ ಗ್ಲಾಸ್, ಹತ್ತು ಪಟ್ಟು ದೊಡ್ಡದಾಗಿ ತೋರುವಂಥದ್ದು, ಸಾಕು. ಕಾರ್ಖಾನೆಯ ಅಚ್ಚಿನಲ್ಲಿ ಶಾಯಿ ತುಸು ಉಬ್ಬಿ, ಅಂಚು ಬ್ಲೇಡಿನಿಂದ ಕತ್ತರಿಸಿದ ಹಾಗೆ ಇರುತ್ತದೆ. ಮರು ಅಚ್ಚಿನಲ್ಲಿ ಅಂಚು ಹರಡಿರುತ್ತದೆ, ಅಕ್ಷರಗಳ ಹೊಟ್ಟೆ ತುಂಬಿಕೊಂಡಿರುತ್ತದೆ, ನಿಮಿಷದ ಗೆರೆಗಳು ಒಂದು ಕಡೆ ದಪ್ಪ ಒಂದು ಕಡೆ ತೆಳು. ಲಾಂಛನದೊಳಗಿನ ಬರಹವನ್ನು ಓದಿ ನೋಡಿ: ಕಾಗುಣಿತ ತಪ್ಪಿದ್ದು, ಅಶೋಕ ಚಕ್ರದ ಅರ ಎಣಿಸಿದರೆ 24ರ ಬದಲು 20 ಇದ್ದದ್ದು, ಹೀಗೆ ಬೇಕಾದಷ್ಟು ಸಿಗುತ್ತವೆ. ಲೋಹದ ಗಂಟೆ ಗುರುತುಗಳ ಬುಡದಲ್ಲಿ ಬಣ್ಣ ಏರಿದ್ದರೆ ಅವನ್ನು ಕೀಳದೆ ಮೇಲೆಯೇ ಸಿಂಪಡಿಸಿದ್ದಾರೆ ಎಂದರ್ಥ. ವಾರ, ತಾರೀಖಿನ ಕಿಟಕಿಯ ಅಂಚಿನಲ್ಲಿ ಬಣ್ಣ ಒಳಗಡೆಗೆ ಇಳಿದಿದ್ದರೂ ಅದೇ ಕಥೆ.

ಕಿಟಕಿ ಇನ್ನೊಂದು ಗುಟ್ಟನ್ನೂ ಬಿಟ್ಟುಕೊಡುತ್ತದೆ. ಡಯಲ್‌ನ ಬೆನ್ನಿಗೆ ಎರಡು ತಾಮ್ರದ ಕಾಲು ಇರುತ್ತವೆ. ಅವು ಮಷಿನ್‌ನ ತೂತಿನಲ್ಲಿ ಕೂತರೆ ಡಯಲ್ ಕೂದಲೆಳೆಯಷ್ಟೂ ತಿರುಗದು. ಬೇರೆ ಮಷಿನ್‌ನ ಡಯಲ್ ಆದರೆ ಕಾಲು ಹೊಂದದು. ಆಗ ಕತ್ತರಿಸಿ, ಅಂಟು ಅಥವಾ ಎರಡು ಬದಿಯ ಟೇಪು ಹಾಕಿ ಕೂರಿಸುತ್ತಾರೆ. ತಾರೀಖು ಕಿಟಕಿಯಲ್ಲಿ ಓರೆಯಾಗಿ ಕಾಣುವುದು ಇದರಿಂದ. ಟೇಪಿನ ದಪ್ಪಕ್ಕೆ ಡಯಲ್ ಮೇಲೆದ್ದು ಗಂಟೆ ಮುಳ್ಳು ಉಜ್ಜುತ್ತದೆ, ಟೇಪು ಒಳಗೆ ಚಾಚಿಕೊಂಡರೆ ವಾರದ ತಟ್ಟೆಗೆ ತಡೆಯಾಗುತ್ತದೆ. ಮಧ್ಯರಾತ್ರಿ ತಾರೀಖು ಬದಲಾಗುವ ಹೊತ್ತಿಗೆ ವಾಚು ನಿಲ್ಲುತ್ತದೆ. ಸೆಕೆಂಡ್ ಮುಳ್ಳು ಸಲೀಸಾಗಿ ಓಡುತ್ತಿದ್ದರೂ ರಾತ್ರಿ ಮಾತ್ರ ನಿಲ್ಲುವ ವಾಚಿನಲ್ಲಿ ಮೊದಲು ಡಯಲ್ ಬೆನ್ನು ನೋಡಬೇಕು.

ಅಶೋಕ ಸ್ತಂಭದ ಸಿಂಹಗಳಿರುವ ಡಯಲ್ ಬಗ್ಗೆ ಒಂದು ಮಾತು ಬೇರೆಯೇ ಹೇಳಬೇಕು. ರಾಷ್ಟ್ರ ಲಾಂಛನದ ದುರ್ಬಳಕೆ ತಡೆಯುವ 2005ರ ಕಾಯ್ದೆಯ ಪ್ರಕಾರ ಅದನ್ನು ಅನುಮತಿಯಿಲ್ಲದೆ ವ್ಯಾಪಾರಕ್ಕೆ ಬಳಸುವಂತಿಲ್ಲ. ಮೀರಿದರೆ ಎರಡು ವರ್ಷದವರೆಗೆ ಜೈಲು, 5,000 ರೂಪಾಯಿವರೆಗೆ ದಂಡ ಆಗಬಹುದು. ಸಿಂಹದ ಡಯಲ್ ಹೊಸದಾಗಿ ಅಚ್ಚು ಹಾಕಿ ಮಾರುವವರಿಗೆ ಇದು ಗೊತ್ತಿಲ್ಲ ಎಂದು ನಂಬುವುದು ಕಷ್ಟ.

ಇನ್ನು ಅಪ್ಪನಿಗೋ ಅಜ್ಜನಿಗೋ ಕಾರ್ಖಾನೆಯಿಂದ ಬಂದ ಅಸಲಿ ವಾಚು ಮನೆಯಲ್ಲೇ ಇರುವವರ ವಿಷಯ. ಡಯಲ್ ಮಂಕಾಗಿದೆ ಎಂದು ‘ಹೊಸತು ಮಾಡಿಸುವ’ ಕೆಲಸಕ್ಕೆ ದಯವಿಟ್ಟು ಕೈ ಹಾಕಬೇಡಿ. ಲಾಂಛನ ಅಚ್ಚಾಗಿರುವುದು ಬಣ್ಣದ ಮೇಲಿನ ತೆಳು ಪದರದಲ್ಲಿ. ವಯಸ್ಸಾದಂತೆ ಅದು ಪುಡಿಪುಡಿಯಾಗುತ್ತದೆ. ನೀರು, ಸ್ಪಿರಿಟ್, ಪೆಟ್ರೋಲ್ ಹಾಗಿರಲಿ, ಧೂಳು ತೆಗೆಯುವ ಪುಟ್ಟಿ ಒತ್ತಿದರೂ ಒಂದು ಅಕ್ಷರ ಎದ್ದು ಬರಬಹುದು. ರಬ್ಬರ್ ಉಂಡೆಯಿಂದ ಗಾಳಿ ಊದಿದರೆ ಸಾಕು. ಮಂಕು ಬಹಳ ಸಲ ಗ್ಲಾಸಿನದಾಗಿರುತ್ತದೆ. ಪ್ಲಾಸ್ಟಿಕ್ ಗ್ಲಾಸಾದರೆ ಕೇಸಿನಿಂದ ತೆಗೆದು ಪಾಲಿಶ್ ಮಾಡಬಹುದು, ಇಲ್ಲವೇ ಹೊಸದು ಹಾಕಬಹುದು. ಗ್ಲಾಸು ಬದಲಾದರೆ ವಾಚಿನ ಮೌಲ್ಯ ಕುಗ್ಗದು, ಡಯಲ್ ಬದಲಾದರೆ ಉಳಿಯುವುದು ಬರೀ ಮಷಿನ್. ಮುಳ್ಳು ಎತ್ತುವಾಗ ಡಯಲ್ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಇಡುವವರ ಹತ್ತಿರವೇ ಸರ್ವಿಸ್ ಮಾಡಿಸಿ.

ಮಷಿನ್‌ಗೆ ಮಾತ್ರ ಸರ್ವಿಸ್ ಬೇಕೇ ಬೇಕು. ಡ್ರಾಯರ್‌ನಲ್ಲಿ ವರ್ಷಗಟ್ಟಲೆ ಬಿದ್ದಿದ್ದನ್ನು ಅಲ್ಲಾಡಿಸಿ ಓಡಿಸಬೇಡಿ. ಒಣಗಿದ ಎಣ್ಣೆಯಲ್ಲಿ ಓಡಿದರೆ ಚಕ್ರದ ಸೂಜಿಮೊನೆ ಸವೆಯುತ್ತದೆ. ಮುಚ್ಚಳದ ಒಳಮೈಯಲ್ಲಿ ವೃತ್ತಾಕಾರದ ಗೀರು ಕಂಡರೆ ರೋಟರ್‌ನ ಬೇರಿಂಗ್ ಸಡಿಲಾಗಿ ತಾಗುತ್ತಿದೆ. ಆಟೋಮ್ಯಾಟಿಕ್‌ನಲ್ಲಿ ಸ್ಪ್ರಿಂಗ್‌ನ ಹೊರತುದಿ ಅದು ಸುತ್ತಿಕೊಂಡಿರುವ ಪುಟ್ಟ ಡಬ್ಬಿಗೆ ಸಿಕ್ಕಿಕೊಂಡಿರುವುದಿಲ್ಲ. ತುಂಬಿದ ಮೇಲೆ ಗೋಡೆಗುಂಟ ಜಾರಬೇಕು. ಆ ಗೋಡೆಗೆ ಹಿಡಿತವಿರುವ ವಿಶೇಷ ಗ್ರೀಸೇ ಬೇಕು. ಕೀ ಕೊಡುವ ವಾಚಿನ ಅಭ್ಯಾಸದಲ್ಲಿ ಸಾದಾ ಎಣ್ಣೆ ಬಿಟ್ಟರೆ ಸ್ಪ್ರಿಂಗ್ ಅರ್ಧಕ್ಕೇ ಜಾರಿ, ದಿನವಿಡೀ ಕಟ್ಟಿದ ವಾಚು ಬೆಳಿಗ್ಗೆ ನಿಂತಿರುತ್ತದೆ. ರೋಟರ್‌ನ ತಿರುವು ಒಯ್ಯುವ ಚಕ್ರಗಳಿಗೆ ಎಣ್ಣೆ ಹೆಚ್ಚಾದರೂ ಅವು ಅಂಟಿಕೊಂಡು ಇದೇ ಗತಿ. ಸರ್ವಿಸ್ ಆದ ಮೇಲೆ ವಾಚಿನ ಓಟ ಅಳೆಯುವ ಟೈಮಿಂಗ್ ಮಷಿನ್ ಮೇಲೆ ಇಟ್ಟು ತೋರಿಸಲು ಹೇಳಿ: ಆಟೋಮ್ಯಾಟಿಕ್ ಆದರೆ ಗಂಟೆಗೆ 21,600 ಬಡಿತ, ಪೂರ್ತಿ ತುಂಬಿ ಮುಖ ಮೇಲಾಗಿ ಮಲಗಿಸಿದಾಗ ಹಿಂದೆ ಮುಂದೆ ಓಲಾಡುವ ಚಕ್ರವಾದ ಬ್ಯಾಲೆನ್ಸ್‌ನ ತೂಗಾಟ 250 ಡಿಗ್ರಿಗೆ ಮೇಲೆ, ಬೀಟ್ ಎರರ್ (ಎರಡು ಬಡಿತಗಳ ನಡುವಿನ ಏರುಪೇರು) 1 ಮಿಲಿಸೆಕೆಂಡ್ ಒಳಗೆ. ಹಳೆ ವಾಚಿಗೆ ತೂಗಾಟ 230 ಬಂದರೂ ಬೈಯಬೇಡಿ. 200ಕ್ಕಿಂತ ಇಳಿದಿದ್ದರೆ ಕೆಲಸ ಮುಗಿದಿಲ್ಲ. ರಾತ್ರಿ 9ರಿಂದ ಬೆಳಗಿನ ಜಾವ 3ರ ನಡುವೆ ತಾರೀಖನ್ನು ಕೈಯಿಂದ ಬದಲಿಸಬೇಡಿ, ಹಲ್ಲು ಮುರಿಯುತ್ತದೆ. ಕರಾವಳಿಯಲ್ಲಿ ಇರುವವರು ವಾಚಿನ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಲಿ. ತುಕ್ಕು ಮೊದಲು ಹಿಡಿಯುವುದು ಚಾವಿಯ ಕಡ್ಡಿಗೆ, ಅಲ್ಲಿಂದ ಡಯಲ್‌ಗೆ ದಾರಿ ಹತ್ತಿರ.

ವಾಚು ಕೊಟ್ಟ ಪತ್ರ, ಡಬ್ಬಿ, ಹಿಂಬದಿಯಲ್ಲಿ ಕೆತ್ತಿದ ಹೆಸರು ಮತ್ತು ತಾರೀಖು ಇದ್ದರೆ ಜೋಪಾನ ಮಾಡಿ. ಕೆತ್ತಿದ ಹೆಸರನ್ನು ಪಾಲಿಶ್ ಮಾಡಿಸಿ ಅಳಿಸುವವರೂ ಇದ್ದಾರೆ! ಲಾಂಛನ ಅಸಲಿ ಎನ್ನಲು ಅದಕ್ಕಿಂತ ಗಟ್ಟಿ ಪುರಾವೆ ಬೇರೆ ಸಿಗದು.

ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ 2016ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟ ಮೇಲೆ ಈ ವಿಷಯ ಕೇಳಿ ತಿಳಿಯುವ ದಾರಿ ಕಿರಿದಾಗಿದೆ. ಜಾಲಹಳ್ಳಿಯ ಎಚ್‌ಎಂಟಿ ವಸ್ತುಸಂಗ್ರಹಾಲಯದವರಲ್ಲಿ ನಮ್ಮ ವಿನಂತಿ ಇಷ್ಟೇ: ಸಂಸ್ಥೆಗಳಿಗಾಗಿ ಮಾಡಿಕೊಟ್ಟ ಡಯಲ್‌ಗಳ ಮಾದರಿ, ಆರ್ಡರ್ ಪುಸ್ತಕ ಏನೇನು ಉಳಿದಿದೆಯೋ ಅದರ ಸ್ಪಷ್ಟ ಚಿತ್ರಗಳನ್ನು ಸಾರ್ವಜನಿಕರಿಗೆ ಸಿಗುವಂತೆ ಮಾಡಲಿ. ಇಂಥ ವಾಚು ಹಂಚಿದ ಸಾರ್ವಜನಿಕ ಉದ್ಯಮಗಳು, ಬ್ಯಾಂಕುಗಳು ತಮ್ಮ ಹಳೆ ಕಡತ ತೆಗೆದು ಯಾವ ವರ್ಷ, ಯಾವ ಮಾದರಿ, ಎಷ್ಟು ಎಂದು ತಿಳಿಸಿದರೂ ನಕಲಿಯ ಅರ್ಧ ವ್ಯಾಪಾರ ನಿಲ್ಲುತ್ತದೆ. ನಿಮ್ಮ ಪತ್ರಿಕೆಯೂ ಮುಂದೆ ಇಂಥ ವಾಚಿನ ಚಿತ್ರ ಹಾಕುವಾಗ ಮುಖದ ಜತೆ ಬಿಚ್ಚಿದ ಹಿಂಬದಿಯ ಚಿತ್ರವನ್ನೂ ಹಾಕಲಿ.

– ವಾಚ್ ರಿಪೇರಿ ವೃತ್ತಿಯವರು ಮತ್ತು ಸಂಗ್ರಾಹಕರು, ತುಮಕೂರು