ಬ್ಲೇಡ್ ಕೊಳ್ಳುವಾಗ ಹರಿತವೊಂದನ್ನೇ ನೋಡಬೇಡಿ

ಮಾನ್ಯ ಸಂಪಾದಕರೇ,

ಪ್ಲಾಸ್ಟಿಕ್ ಕಸದ ಮಾತು ಬಂದಾಗಲೆಲ್ಲ ಬಿಸಾಡುವ ರೇಜರ್ ಬಿಟ್ಟು ಎರಡಂಚಿನ ಬ್ಲೇಡಿನ ಲೋಹದ ಸೆಟ್ಟಿಗೆ ಮರಳಿ ಎಂಬ ಸಲಹೆ ಪತ್ರಿಕೆಗಳಲ್ಲಿ ಬರುತ್ತದೆ. ಒಳ್ಳೆಯ ಸಲಹೆಯೇ. ಆದರೆ ಯಾವ ಬ್ಲೇಡ್ ಎಂಬಲ್ಲಿಗೆ ಬಂದಾಗ ‘ತುಂಬ ಹರಿತವಾದದ್ದು ಕೊಳ್ಳಿ’ ಎಂದೋ ‘ಯಾವುದಾದರೇನು, ಎಲ್ಲ ಒಂದೇ’ ಎಂದೋ ಹೇಳಿ ಮುಗಿಸಿಬಿಡುತ್ತಾರೆ. ಎರಡೂ ತಪ್ಪು. ಹೀಗೆ ಕೇಳಿ ಕೊಂಡವರು ಮೊದಲ ವಾರವೇ ಕತ್ತಿನ ಮೇಲೆ ಗಾಯ ಮಾಡಿಕೊಂಡು ಸೆಟ್ಟನ್ನು ಅಟ್ಟಕ್ಕೆ ಹಾಕುತ್ತಾರೆ. ಅದಕ್ಕಾಗಿ ಈ ಪತ್ರ.

ಅಳತೆಯ ಮಟ್ಟಿಗೆ ಎಲ್ಲ ಬ್ಲೇಡೂ ಒಂದೇ ಎನ್ನುವುದು ನಿಜ. ಜಿಲೆಟ್ ಕಂಪನಿ 1903ರಲ್ಲಿ ಮಾರಾಟಕ್ಕೆ ತಂದ ಬ್ಲೇಡಿನಲ್ಲಿ ಮೂರು ತೂತುಗಳಿದ್ದವು. 1930ರ ಹೊತ್ತಿಗೆ ನಡುವೆ ಉದ್ದ ಸೀಳಿರುವ ಈಗಿನ ಆಕಾರ ಬಂತು. ಹಾಗಾಗಿ ಇವತ್ತು ಯಾವ ದೇಶದ ಬ್ಲೇಡಾದರೂ ಯಾವ ಸೆಟ್ಟಿಗಾದರೂ ಕೂರುತ್ತದೆ. ದಪ್ಪ ಸುಮಾರು 0.1 ಮಿಲಿಮೀಟರ್. ವ್ಯತ್ಯಾಸವಿರುವುದು ಉಕ್ಕಿನಲ್ಲಿ, ಅಂಚನ್ನು ಮಸೆದ ರೀತಿಯಲ್ಲಿ ಮತ್ತು ಅದರ ಮೇಲಿನ ಲೇಪದಲ್ಲಿ. ಈಗಿನ ಹೆಚ್ಚಿನ ಬ್ಲೇಡುಗಳು ಸುಮಾರು ಶೇ 13ರಷ್ಟು ಕ್ರೋಮಿಯಂ ಇರುವ ಸ್ಟೇನ್‌ಲೆಸ್ ಉಕ್ಕಿನವು. ಪೊಟ್ಟಣದ ಮೇಲೆ ‘ಪ್ಲಾಟಿನಂ’ ಎಂದಿದ್ದರೆ ಬ್ಲೇಡೇ ಪ್ಲಾಟಿನಂ ಅಲ್ಲ. ಅಂಚಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಲೋಹದ ಪದರ, ಅದರ ಮೇಲೆ ಜಾರಿಕೆಗಾಗಿ ಟೆಫ್ಲಾನ್. ಚರ್ಮಕ್ಕೆ ನಯವೆನಿಸುವುದು ಬಹುಪಾಲು ಈ ಜಾರಿಕೆಯಿಂದ. ಆದ್ದರಿಂದಲೇ ಹರಿತ ಬೇರೆ, ನಯ ಬೇರೆ. ಹರಿತವಿದ್ದೂ ಒರಟಾಗಿರುವ ಬ್ಲೇಡುಗಳಿವೆ. ಅಷ್ಟೇನೂ ಹರಿತವಿಲ್ಲದೆ ಮೆತ್ತಗೆ ಜಾರುವವೂ ಇವೆ.

ಉಕ್ಕಿನ ಗುಣ ಎಷ್ಟು ಮುಖ್ಯ ಎನ್ನುವುದಕ್ಕೆ ಅಮೆರಿಕದ ಎಂಐಟಿ ವಿಜ್ಞಾನಿಗಳು 2020ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ನೋಡಬೇಕು. ಉಕ್ಕಿಗಿಂತ ಸುಮಾರು 50 ಪಟ್ಟು ಮೃದುವಾದ ಕೂದಲು ಬ್ಲೇಡನ್ನು ಮೊಂಡು ಮಾಡುವುದು ಹೇಗೆ? ಬರೀ ಸವೆತದಿಂದಲ್ಲ, ಅಂಚು ಚಕ್ಕೆ ಏಳುವುದರಿಂದ. ಕೂದಲು ಬಾಗಿಕೊಂಡು ಅಂಚಿನ ಮೇಲೆ ಒತ್ತಿದಾಗ, ಆ ಜಾಗದಲ್ಲಿ ಉಕ್ಕಿನ ಒಳರಚನೆ ಒಂದೇ ಸಮ ಇಲ್ಲದಿದ್ದರೆ ಸಣ್ಣ ಚೂರು ಮುರಿಯುತ್ತದೆ. ಹೊಸ ಬ್ರ್ಯಾಂಡನ್ನು ಒಂದೇ ಬ್ಲೇಡಿನಿಂದ ಅಳೆಯಬಾರದು ಎನ್ನಲು ಇಷ್ಟು ಸಾಕು. ಒಂದೇ ಪೊಟ್ಟಣದ ಎರಡು ಬ್ಲೇಡುಗಳೂ ಬೇರೆ ಬೇರೆಯಾಗಿ ನಡೆದುಕೊಳ್ಳಬಹುದು.

ಆಯ್ಕೆ ಶುರುವಾಗಬೇಕಾದದ್ದು ಕೈಯಲ್ಲಿರುವ ಸೆಟ್ಟಿನಿಂದ. ಬ್ಲೇಡಿಗೂ ಕೆಳಗಿನ ಪಟ್ಟಿಗೂ ನಡುವಿನ ಸಂದು ಕಿರಿದಾಗಿದ್ದು, ಅಂಚು ಹೊರಗೆ ಕಡಿಮೆ ಚಾಚಿದ್ದರೆ ಅದು ಸೌಮ್ಯ ಸೆಟ್. ಅದಕ್ಕೆ ಹರಿತ ಬ್ಲೇಡ್ ಒಗ್ಗುತ್ತದೆ. ಸಂದು ಅಗಲವಾಗಿದ್ದರೆ, ಅಥವಾ ಪಟ್ಟಿಯ ಬದಲು ಬಾಚಣಿಗೆಯಂಥ ಹಲ್ಲುಗಳಿದ್ದು ಅಂಚು ಚೆನ್ನಾಗಿ ಹೊರಚಾಚಿದ್ದರೆ, ಹೊಸಬರು ಮೃದು, ಎಂದರೆ ಹರಿತ ಕಡಿಮೆಯಿರುವ ಬ್ಲೇಡಿನಿಂದ ಆರಂಭಿಸುವುದು ಕ್ಷೇಮ. ಜಪಾನಿನ ಫೆದರ್ ಅತಿ ಹರಿತವೆಂದು ಬಳಸುವವರಲ್ಲಿ ಹೆಸರಾಗಿದೆ, ಟರ್ಕಿಯ ಡರ್ಬಿ ಮೆದುವೆಂದು. ಒರಟು, ದಟ್ಟ ಗಡ್ಡಕ್ಕೆ ಮೆದು ಬ್ಲೇಡ್ ಹಾಕಿದರೆ ಅದು ಕೂದಲನ್ನು ಕತ್ತರಿಸದೆ ಎಳೆಯುತ್ತದೆ. ಎಳೆದಾಗ ಕೈ ತಾನಾಗಿ ಒತ್ತುತ್ತದೆ, ಒತ್ತಿದಾಗ ಕೊಯ್ಯುತ್ತದೆ. ಮೊಂಡು ಬ್ಲೇಡೇ ಹೆಚ್ಚು ಗಾಯ ಮಾಡುವುದು ಈ ಕಾರಣಕ್ಕೆ. ನಮ್ಮ ಅಂಗಡಿಗಳಲ್ಲಿ ಸಿಗುವ ಸೆವೆನ್ ಓ’ಕ್ಲಾಕ್, ಟೋಪಾಜ್, ಲೇಸರ್ ಬ್ಲೇಡುಗಳಲ್ಲೇ ಸಾಕಷ್ಟು ಆಯ್ಕೆಯಿದೆ. ಒಂದೇ ಹೆಸರಿನಲ್ಲಿ ಬೇರೆ ಬೇರೆ ಬಣ್ಣದ ಪೊಟ್ಟಣಗಳಿರುತ್ತವೆ, ಅವು ಒಂದೇ ಬ್ಲೇಡಲ್ಲ. ಬಣ್ಣವನ್ನೂ ಪೂರ್ತಿ ಹೆಸರನ್ನೂ ಬರೆದಿಟ್ಟುಕೊಳ್ಳಿ.

ಪರೀಕ್ಷೆ ಮಾಡುವ ಕ್ರಮ ಹೀಗಿರಲಿ. 4 ಬಗೆಯ ಬ್ಲೇಡುಗಳ ಸಣ್ಣ ಪೊಟ್ಟಣ ತನ್ನಿ; ಮೊದಲೇ 100ರ ಡಬ್ಬ ಬೇಡ. ಸೆಟ್, ಸೋಪು, ಬ್ರಷ್ ಯಾವುದನ್ನೂ ಬದಲಿಸಬೇಡಿ. ಪ್ರತಿ ಬಗೆಯಲ್ಲಿ 2 ಬ್ಲೇಡ್, ಪ್ರತಿ ಬ್ಲೇಡಿನಲ್ಲಿ 3 ಶೇವ್. ಕೆಲವು ಬ್ಲೇಡುಗಳು ಮೊದಲ ದಿನ ಚುರುಕಾಗಿದ್ದು ಎರಡನೆಯ ದಿನ ಹದಕ್ಕೆ ಬರುತ್ತವೆ, ಆದ್ದರಿಂದ ಮೊದಲ ದಿನವೇ ತೀರ್ಪು ಕೊಡಬೇಡಿ. ಮೂರು ಸಂಗತಿ ಗಮನಿಸಿ: ಮೂಗಿನ ಕೆಳಗೆ ಮತ್ತು ಗಲ್ಲದ ಮೇಲೆ ಕೂದಲು ಎಳೆಯುತ್ತದೆಯೇ, ಮುಖ ತೊಳೆದು ಪಟಿಕದ ಕಲ್ಲು ಸವರಿದಾಗ ಎಲ್ಲಿ ಉರಿಯುತ್ತದೆ, ಅರ್ಧ ಗಂಟೆಯ ನಂತರ ಗಂಟಲ ಭಾಗ ಕೆಂಪಾಗಿದೆಯೇ. ಪಟಿಕ ಸುಳ್ಳು ಹೇಳುವುದಿಲ್ಲ. ಚರ್ಮ ಕೆರೆದುಹೋದ ಜಾಗವನ್ನೆಲ್ಲ ಅದು ತೋರಿಸಿಕೊಡುತ್ತದೆ.

ಬ್ಲೇಡಿನ ಮೇಲೆ ಹೊರಿಸುವ ತಪ್ಪುಗಳಲ್ಲಿ ಅನೇಕ ಬ್ಲೇಡಿನವಲ್ಲ. ಮೊದಲನೆಯದು ಜೋಡಣೆ. ಮೂರು ಭಾಗದ ಸೆಟ್ಟಿನಲ್ಲಿ ಬ್ಲೇಡಿನ ಗಿಡ್ಡ ತುದಿಗಳೆರಡನ್ನು ಹಿಡಿದು, ಮೇಲಿನ ಮುಚ್ಚಳವನ್ನು ಒತ್ತಿಕೊಂಡೇ ಹಿಡಿಯನ್ನು ತಿರುಗಿಸಿ ಬಿಗಿಮಾಡಬೇಕು. ಆಮೇಲೆ ಎದುರಿನಿಂದ ನೋಡಿ: ಎರಡೂ ಬದಿಯಲ್ಲಿ ಅಂಚು ಸಮನಾಗಿ ಕಾಣಬೇಕು. ಒಂದು ಬದಿ ನಯವಾಗಿ, ಇನ್ನೊಂದು ಬದಿ ಒರಟಾಗಿ ಹೋಗುತ್ತಿದ್ದರೆ ಬ್ಲೇಡ್ ಓರೆಯಾಗಿ ಕೂತಿದೆ ಎಂದೇ ತಿಳಿಯಿರಿ. ಕೆಲವು ಬ್ಲೇಡುಗಳನ್ನು ಒಳಕಾಗದಕ್ಕೆ ಅಂಟಿಸಲು ಮೇಣದ ಚುಕ್ಕೆ ಇಟ್ಟಿರುತ್ತಾರೆ; ಅದು ಉಳಿದಿದ್ದರೆ ಬಿಸಿನೀರಿನಲ್ಲಿ ಅದ್ದಿ ತೆಗೆಯಿರಿ.

ಎರಡನೆಯದು ನೀರು. ಕೋಲಾರ, ತುಮಕೂರು, ಬೆಂಗಳೂರಿನ ಹೊರವಲಯ ಮುಂತಾದ ಕಡೆ ಬೋರ್‌ವೆಲ್ ನೀರು ಗಡಸು. ಅದರ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನೊಡನೆ ಸೇರಿ ಜಿಗುಟು ಕೆನೆಯಾಗುತ್ತದೆ, ನೊರೆ ನಿಲ್ಲುವುದಿಲ್ಲ. ನೊರೆಯಿಲ್ಲದ ಮುಖದ ಮೇಲೆ ಯಾವ ಬ್ಲೇಡೂ ನಯವಾಗಿರದು. ನೊರೆ ಕಲಸಲು ಬೇಕಾದದ್ದು ಅರ್ಧ ಲೋಟದಷ್ಟು ನೀರು. ಕುಡಿಯಲು ಇಟ್ಟ ಆರ್‌ಒ ಫಿಲ್ಟರಿನ ನೀರನ್ನೇ ಬಿಸಿಮಾಡಿ ಬಳಸಿ; ಸಾಮಾನ್ಯ ಫಿಲ್ಟರ್ ಗಡಸುತನ ತೆಗೆಯುವುದಿಲ್ಲ. ಅದಕ್ಕೂ ಮೊದಲು ಗಡ್ಡ ಎರಡು ಮೂರು ನಿಮಿಷ ಬಿಸಿನೀರಿನಲ್ಲಿ ನೆನೆಯಬೇಕು. ನೆನೆದ ಕೂದಲನ್ನು ಕತ್ತರಿಸಲು ಕಡಿಮೆ ಬಲ ಸಾಕು, ಬ್ಲೇಡೂ ಬಾಳುತ್ತದೆ. ಸ್ನಾನವಾದ ಮೇಲೆ ಶೇವ್ ಮಾಡಿಕೊಂಡರೆ ಈ ಕೆಲಸ ಅರ್ಧ ಆಗಿಯೇ ಇರುತ್ತದೆ.

ಮೂರನೆಯದು ಕೋನ. ಸೆಟ್ಟಿನ ತಲೆಯ ಮೇಲ್ಭಾಗವನ್ನು ಕೆನ್ನೆಗೆ ಊರಿ ಹಿಡಿಯನ್ನು ನೇರ ಹೊರಕ್ಕೆ ಹಿಡಿಯಿರಿ, ನಿಧಾನವಾಗಿ ಕೆಳಕ್ಕೆ ಇಳಿಸಿ, ಅಂಚು ಕೂದಲಿಗೆ ತಾಗಿದಲ್ಲಿ ನಿಲ್ಲಿಸಿ. ಆಗ ಬ್ಲೇಡ್ ಚರ್ಮಕ್ಕೆ ಸುಮಾರು 30 ಡಿಗ್ರಿಯಲ್ಲಿರುತ್ತದೆ. ಸೆಟ್ಟಿನ ಭಾರವೇ ಸಾಕು, ಒತ್ತಬೇಡಿ. ಎರಡು ಮೂರು ಸೆಂಟಿಮೀಟರಿನ ಸಣ್ಣ ಎಳೆತಗಳು, ಮೊದಲು ಕೂದಲು ಬೆಳೆದ ದಿಕ್ಕಿಗೇ. ಗುಂಗುರು ಗಡ್ಡದವರು ಉಲ್ಟಾ ಎಳೆಯುವುದನ್ನು ಪೂರ್ತಿ ಬಿಟ್ಟರೆ ಮೇಲು. ಇಲ್ಲವಾದರೆ ಕತ್ತರಿಸಿದ ಕೂದಲು ಚರ್ಮದೊಳಕ್ಕೇ ಸುತ್ತಿಕೊಂಡು ಗುಳ್ಳೆ ಏಳುತ್ತದೆ.

ಒಂದು ಬ್ಲೇಡ್ ಸಾಮಾನ್ಯವಾಗಿ 3ರಿಂದ 5 ಶೇವ್ ಬರುತ್ತದೆ. ಎಣಿಕೆಗಿಂತ ಎಳೆತವೇ ಸರಿಯಾದ ಗುರುತು. ಕೂದಲು ಜಗ್ಗಿದಂತಾದ ದಿನವೇ ಅದನ್ನು ತೆಗೆಯಿರಿ. ಕೆಲವು ರೂಪಾಯಿಯ ಬ್ಲೇಡನ್ನು ತಿಂಗಳು ಎಳೆಯುವುದರಲ್ಲಿ ಉಳಿತಾಯವೇನಿಲ್ಲ. ಟವೆಲಿನಿಂದ ಅಂಚು ಒರೆಸಿದರೆ ಲೇಪ ಹಾಳಾಗಬಹುದು. ತೊಳೆದು ನೀರು ಕೊಡವಿ, ಗಾಳಿಯಾಡುವಲ್ಲಿ ಇಡಿ. ಒಬ್ಬರ ಬ್ಲೇಡನ್ನು ಇನ್ನೊಬ್ಬರು, ಮನೆಯವರೇ ಆಗಲಿ, ಬಳಸಬಾರದು. ಹೆಪಟೈಟಿಸ್ ಬಿ ರಕ್ತದ ಸಣ್ಣ ಕಲೆಯಿಂದಲೂ ಹರಡುತ್ತದೆ. ಸಲೂನಿನಲ್ಲಿ ಅರ್ಧ ಬ್ಲೇಡ್ ಹಾಕುವ ಕತ್ತಿಯಾದರೂ ಸರಿ, ಹೊಸ ಬ್ಲೇಡನ್ನು ನಿಮ್ಮ ಕಣ್ಣೆದುರೇ ಮುರಿದು ಹಾಕಲು ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ.

ಹಳೆ ಬ್ಲೇಡನ್ನು ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕುವವರು, ಅದನ್ನು ಬರಿಗೈಯಲ್ಲಿ ವಿಂಗಡಿಸುವ ಪೌರಕಾರ್ಮಿಕರನ್ನು ನೆನೆಯಬೇಕು. ಒದ್ದೆಯಾದ ಕಾಗದ ಒಂದೇ ದಿನದಲ್ಲಿ ಹರಿದು ಅಂಚು ಹೊರಬರುತ್ತದೆ. ಹಾಲಿನ ಪುಡಿಯ ತಗಡಿನ ಡಬ್ಬದ ಮುಚ್ಚಳಕ್ಕೆ ಬ್ಲೇಡ್ ಹಿಡಿಸುವಷ್ಟು ಸೀಳು ಮಾಡಿ, ಮುಚ್ಚಳವನ್ನು ಸುತ್ತಲೂ ಅಂಟಿಸಿಬಿಡಿ. ಒಂದು ಮನೆಗೆ ಅದು ವರ್ಷಗಟ್ಟಲೆ ಸಾಕು. ತುಂಬಿದ ಮೇಲೆ ಸೀಳಿಗೆ ಟೇಪ್ ಸುತ್ತಿ, ಡಬ್ಬದ ಮೇಲೆ ‘ಬ್ಲೇಡ್’ ಎಂದು ದಪ್ಪಕ್ಷರದಲ್ಲಿ ಬರೆದು, ಕಸದ ಗಾಡಿಯವರಿಗೆ ಬಾಯಿಬಿಟ್ಟು ಹೇಳಿಯೇ ಕೊಡಿ.

ಇತಿ,
ಒಬ್ಬ ಓದುಗ, ತುಮಕೂರು